ಒಣಗಿದ ಬ್ರೆಡ್ಡು, ಕೆಂಪು ಕೋಸು, ಅಣಬೆ: ಮನೆಯಲ್ಲೇ ಒಂದು ಜರ್ಮನ್ ಶರತ್ಕಾಲದ ಊಟ

ಜರ್ಮನಿಯಲ್ಲಿ ಭಾನುವಾರದ ಊಟಕ್ಕೆ ಶನಿವಾರವೇ ಒಲೆ ಹಚ್ಚಬೇಕು. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಈರುಳ್ಳಿ ಮರೆತರೆ ಪಕ್ಕದ ಮನೆಯೇ ಗತಿ. ಇದೊಂದು ಕಾರಣ. ಇನ್ನೊಂದು ಕಾರಣ ಅಡುಗೆಯದ್ದೇ. ಅಲ್ಲಿನ ಶರತ್ಕಾಲದ ಊಟದಲ್ಲಿ ಅರ್ಧ ಕೆಲಸವನ್ನು ಮಾಡುವುದು ಒಂದು ರಾತ್ರಿ. ಕೋಸು ಮರುದಿನಕ್ಕೆ ರುಚಿಯಾಗುತ್ತದೆ. ಬ್ರೆಡ್ಡು ಒಣಗಿದರೆ ಮಾತ್ರ ಉಂಡೆ ಕಟ್ಟಲು ಬರುತ್ತದೆ. ನಮ್ಮಲ್ಲಿ ರಾತ್ರಿ ಮಿಕ್ಕ ಅನ್ನದ ಚಿತ್ರಾನ್ನ ಬೆಳಿಗ್ಗೆ ಉದುರುದುರಾಗಿ ಬರುತ್ತದಲ್ಲ, ಲೆಕ್ಕ ಅದೇ.

ನಾನು ಇದನ್ನು ಕಲಿತದ್ದು ಮ್ಯೂನಿಕ್‌ನಲ್ಲಿ, ನಮ್ಮ ಕೆಳಗಿನ ಮನೆಯಲ್ಲಿದ್ದ ಒಬ್ಬ ಅಜ್ಜಿಯಿಂದ. ಅದಕ್ಕೂ ಮುಂಚೆ ಒಬ್ಬನೇ ಮಾಡಲು ಹೋಗಿ ಒಂದು ಪಾತ್ರೆ ಗಂಜಿ ಮಾಡಿಟ್ಟಿದ್ದೆ. ಆ ಕಥೆ ಮುಂದೆ ಬರುತ್ತದೆ. ಈಗ ಬೆಂಗಳೂರಿಗೆ ಬಂದಾಗಲೂ ಇದನ್ನು ಮಾಡುತ್ತೇನೆ. ಹಾಗಾಗಿ ಎರಡೂ ಕಡೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಗೊತ್ತು. ಕೆಳಗಿನ ಅಳತೆಗಳೆಲ್ಲ ನಾಲ್ಕು ಜನಕ್ಕೆ.

ತಟ್ಟೆಯಲ್ಲಿ ಏನೇನು

ಮೊದಲು ಸಿಹಿಗುಂಬಳದ ಸೂಪ್. ಆಮೇಲೆ ಸೆಮ್ಮೆಲ್‌ಕ್ನೋಡೆಲ್, ಅಂದರೆ ಒಣ ಬ್ರೆಡ್ಡಿನ ದಪ್ಪ ಉಂಡೆಗಳು. ಅದರ ಮೇಲೆ ಕೆನೆ ಹಾಕಿದ ಅಣಬೆ ಗ್ರೇವಿ. ಇದಕ್ಕೆ ಬವೇರಿಯಾದಲ್ಲಿ, ಅಂದರೆ ಮ್ಯೂನಿಕ್ ಇರುವ ದಕ್ಷಿಣ ಜರ್ಮನಿಯ ರಾಜ್ಯದಲ್ಲಿ, ರಾಮ್‌ಶ್ವಾಮ್ಮರ್ಲ್ ಅನ್ನುತ್ತಾರೆ. ಪಕ್ಕದಲ್ಲಿ ಸೇಬು ಹಾಕಿ ಬೇಯಿಸಿದ ಕೆಂಪು ಕೋಸು. ಕೊನೆಗೆ ಓವನ್ನಿನಲ್ಲಿ ಬೆಂದ ಇಡೀ ಸೇಬು.

ಮಾಂಸ ಇಲ್ಲವಲ್ಲ, ಇದು ನಮಗೋಸ್ಕರ ಬದಲಾಯಿಸಿದ್ದಾ ಅಂತ ಕೇಳಬೇಡಿ. ಕ್ನೋಡೆಲ್ ಮತ್ತು ಅಣಬೆ ಗ್ರೇವಿಯ ಜೋಡಿ ಬವೇರಿಯಾದ ಹಳೆಯ ಮಾಂಸವಿಲ್ಲದ ಊಟವೇ. ಕೆಂಪು ಕೋಸು ಮಾತ್ರ ಸಾಮಾನ್ಯವಾಗಿ ಹುರಿದ ಮಾಂಸದ ಜೊತೆ ಬರುತ್ತದೆ. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ ಹೊತ್ತಿಗೆ ಬಾತುಕೋಳಿಯ ದೊಡ್ಡಣ್ಣ ಹೆಬ್ಬಾತನ್ನು ಹುರಿದು, ಕೋಸು ಮತ್ತು ಕ್ನೋಡೆಲ್ ಜೊತೆ ಬಡಿಸುತ್ತಾರೆ. ಅಣಬೆಯ ಪಕ್ಕ ಕೋಸನ್ನು ಕೂರಿಸಿದ್ದು ನನ್ನ ಸ್ವಂತ ಅಧಿಕಪ್ರಸಂಗ. ಕೆನೆಯ ಜಿಡ್ಡಿಗೆ ಒಂದು ಹುಳಿ ಬೇಕು ಅಂತ ನನ್ನ ನಾಲಿಗೆ ಕೇಳಿತು, ಕೊಟ್ಟೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದಕ್ಕೆ ಮೆಣಸಿನಕಾಯಿ ಹಾಕಬೇಡಿ. ಒಗ್ಗರಣೆಯೂ ಬೇಡ, ಗರಂ ಮಸಾಲೆಯೂ ಬೇಡ. ಮೊದಲ ಸಲ ಕೈ ತಡೆದುಕೊಳ್ಳಿ. ಇಲ್ಲಿ ರುಚಿ ಬರುವುದು ಬೆಣ್ಣೆಯಲ್ಲಿ ನಿಧಾನಕ್ಕೆ ಬಾಡಿದ ಈರುಳ್ಳಿಯಿಂದ, ಜಾಯಿಕಾಯಿಯಿಂದ, ವಿನೆಗರ್‌ನಿಂದ. ಒಂದು ಸಲ ಇದ್ದ ಹಾಗೇ ತಿಂದು ನೋಡಿ. ಆಮೇಲೆ ನಿಮ್ಮಿಷ್ಟ.

ಸಾಮಾನು ತರುವಾಗ

ಕುಂಬಳದಿಂದ ಶುರು ಮಾಡೋಣ. ಸೆಪ್ಟೆಂಬರ್ ಬಂತೆಂದರೆ ಜರ್ಮನಿಯ ಸಂತೆಗಳಲ್ಲಿ, ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ, ಹೊಲದ ಬದಿಯ ಗಾಡಿಗಳಲ್ಲಿ ಎಲ್ಲೆಲ್ಲೂ ಕಿತ್ತಳೆ ಬಣ್ಣದ ಪುಟ್ಟ ಕುಂಬಳಕಾಯಿಗಳೇ. ಅದರ ಹೆಸರು ಹೊಕ್ಕೈಡೋ. ಹೆಸರೇ ಹೇಳುವಂತೆ ಜಪಾನಿನ ಕಡೆಯದು. ಒಂದೂವರೆ ಕಿಲೋ ಆಸುಪಾಸು ತೂಗುತ್ತದೆ. ಅದರ ದೊಡ್ಡ ಗುಣ ಏನೆಂದರೆ ಸಿಪ್ಪೆ ಸುಲಿಯಬೇಕಾಗಿಲ್ಲ. ಬೆಂದಾಗ ಸಿಪ್ಪೆಯೂ ಮೆತ್ತಗಾಗುತ್ತದೆ. ನಮ್ಮ ಸಿಹಿಗುಂಬಳದಲ್ಲೂ ಸೂಪ್ ಚೆನ್ನಾಗಿಯೇ ಬರುತ್ತದೆ. ಆದರೆ ಸಿಪ್ಪೆ ತೆಗೆಯಬೇಕು, ನೀರು ಕಡಿಮೆ ಹಾಕಬೇಕು. ನಮ್ಮದರಲ್ಲಿ ನೀರಿನಂಶ ಜಾಸ್ತಿ.

ಕೋಸು ಅಂದರೆ ನೇರಳೆ ಬಣ್ಣದ್ದು, ಬೆಂಗಳೂರಿನ ತರಕಾರಿ ಅಂಗಡಿಗಳಲ್ಲಿ ಕೆಂಪು ಕೋಸು ಅಂತ ಸಲಾಡ್‌ಗೆ ಮಾರುತ್ತಾರಲ್ಲ, ಅದೇ. ಕೈಯಲ್ಲಿ ಹಿಡಿದರೆ ಗಟ್ಟಿಯಾಗಿ, ಭಾರವಾಗಿ ಇರಬೇಕು.

ಸೇಬು ಹುಳಿಯಾಗಿರಬೇಕು. ಅಲ್ಲಿ ಅಡುಗೆಗೆ ಬೋಸ್ಕೋಪ್ ಅನ್ನುವ ತಳಿ ಹೆಸರುವಾಸಿ. 1856ರಲ್ಲಿ ನೆದರ್ಲೆಂಡ್ಸಿನ ಬೋಸ್ಕೋಪ್ ಎಂಬ ಊರಿನಲ್ಲಿ ಸಿಕ್ಕಿದ್ದು. ನೋಡಲು ಒರಟು, ಚರ್ಮ ಸ್ವಲ್ಪ ಕಂದು, ಅಂದ ಚೆಂದ ಏನಿಲ್ಲ. ಬೆಂದಾಗ ಮಾತ್ರ ಅದರ ಹುಳಿಗೆ ಸಾಟಿಯಿಲ್ಲ. ನಮ್ಮಲ್ಲಿ ಹಸಿರು ಸೇಬು ತನ್ನಿ. ಅದೂ ಸಿಗದಿದ್ದರೆ ಕೆಂಪು ಸೇಬಿಗೆ ಅರ್ಧ ನಿಂಬೆಹಣ್ಣು ಹಿಂಡಿ.

ಬ್ರೆಡ್ಡಿನ ವಿಷಯದಲ್ಲಿ ಹುಷಾರು. ಸೆಮ್ಮೆಲ್ ಅಂದರೆ ಬವೇರಿಯಾದ ಸಣ್ಣ ದುಂಡನೆಯ ಬ್ರೆಡ್. ಮೇಲೆ ಗರಿಗರಿ, ಒಳಗೆ ಬಿಳಿ, ಸಿಹಿ ಇರುವುದಿಲ್ಲ. ಅಲ್ಲಿ ಒಣಗಿಸಿ ಹೆಚ್ಚಿಟ್ಟ ತುಂಡುಗಳನ್ನು ‘ಕ್ನೋಡೆಲ್‌ಬ್ರೋಟ್’ ಅಂತ ಪ್ಯಾಕೆಟ್ಟಿನಲ್ಲೇ ಮಾರುತ್ತಾರೆ. ನಮ್ಮ ಬೇಕರಿಯ ಸ್ವೀಟ್ ಬ್ರೆಡ್, ಬನ್ನು, ಹಾಲಿನ ಬ್ರೆಡ್ ಇದಕ್ಕೆ ಬೇಡವೇ ಬೇಡ. ಉಂಡೆ ಸಿಹಿಯಾಗುತ್ತದೆ, ಅಂಟಂಟಾಗುತ್ತದೆ. ಉಪ್ಪು ಬ್ರೆಡ್ ಅಥವಾ ಗಟ್ಟಿ ಸಿಪ್ಪೆಯ ಬಗೆಟ್ ಸಿಕ್ಕರೆ ಒಳ್ಳೆಯದು.

ಉಳಿದಂತೆ ಅರ್ಧ ಕಿಲೋ ಅಣಬೆ, ಐದಾರು ಈರುಳ್ಳಿ, 200 ಗ್ರಾಂ ಬೆಣ್ಣೆ, 400 ಎಂಎಲ್ ಕೆನೆ, ಮೂರು ಮೊಟ್ಟೆ, ಮುಕ್ಕಾಲು ಲೀಟರ್ ಹಾಲು, ಒಂದು ಕಟ್ಟು ಪಾರ್ಸ್ಲಿ, ಜಾಯಿಕಾಯಿ, ಲವಂಗ, ಆಪಲ್ ಸೈಡರ್ ವಿನೆಗರ್, ಸ್ವಲ್ಪ ಒಣದ್ರಾಕ್ಷಿ ಮತ್ತು ಬೀಜಗಳು. ಪಾರ್ಸ್ಲಿ ಇಲ್ಲದಿದ್ದರೆ ಕೊತ್ತಂಬರಿ ಸೊಪ್ಪು ಹಾಕಬಹುದಾ? ಹಾಕಬಹುದು, ಆದರೆ ಊಟ ಜರ್ಮನಿಯಿಂದ ನೇರ ಮಂಡ್ಯಕ್ಕೆ ಬಂದುಬಿಡುತ್ತದೆ. ಸೆಲರಿ ಎಲೆ ಸಿಕ್ಕರೆ ಅದು ಪಾರ್ಸ್ಲಿಗೆ ಜಾಸ್ತಿ ಹತ್ತಿರ.

ಶನಿವಾರ ಸಂಜೆ: ಕೋಸು

ಬವೇರಿಯಾದಲ್ಲಿ ಇದಕ್ಕೆ ಬ್ಲೌಕ್ರೌಟ್ ಅನ್ನುತ್ತಾರೆ, ಅಂದರೆ ನೀಲಿ ಕೋಸು. ಉತ್ತರ ಜರ್ಮನಿಗೆ ಹೋದರೆ ಅದೇ ಕೋಸು ರೋಟ್‌ಕೋಲ್, ಅಂದರೆ ಕೆಂಪು ಕೋಸು. ಇಬ್ಬರ ಕಣ್ಣೂ ಸರಿಯಾಗಿಯೇ ಇದೆ. ಕೋಸಿನಲ್ಲಿರುವ ಆಂಥೋಸಯಾನಿನ್ ಎಂಬ ಬಣ್ಣದ ಗುಣ ಹಾಗೆ. ಹುಳಿ ಬಿದ್ದರೆ ಕೆಂಪಗಾಗುತ್ತದೆ. ಹುಳಿ ಇಲ್ಲದೆ, ಅದರಲ್ಲೂ ಗಡಸು ನೀರಿನಲ್ಲಿ ಬೇಯಿಸಿದರೆ ನೀಲಿಗೆ ತಿರುಗುತ್ತದೆ. ಮ್ಯೂನಿಕ್‌ನ ನಲ್ಲಿ ನೀರು ಗಡಸು. ಕೆಟಲ್ಲಿನ ತಳದಲ್ಲಿ ಸುಣ್ಣದ ಪೊರೆ ಕಟ್ಟುತ್ತದೆ, ನಮ್ಮ ಬೋರ್‌ವೆಲ್ ನೀರಿನ ಹಾಗೇ. ಅದಕ್ಕೇ ವಿನೆಗರ್ ಕೊನೆಗಲ್ಲ, ಶುರುವಿನಲ್ಲೇ ಹಾಕಬೇಕು. ಇಲ್ಲದಿದ್ದರೆ ಬಣ್ಣ ಮಸಿ ನೀಲಿಯಾಗಿ ತಿನ್ನುವ ಮನಸ್ಸೇ ಬರುವುದಿಲ್ಲ.

ಈ ಕೋಸಿನ ಹೆಸರಿನಲ್ಲಿ ಒಂದು ನಾಲಿಗೆ ತಿರುಚು ಕೂಡ ಇದೆ: ‘ಬ್ಲೌಕ್ರೌಟ್ ಬ್ಲೈಬ್ಟ್ ಬ್ಲೌಕ್ರೌಟ್ ಉಂಡ್ ಬ್ರೌಟ್‌ಕ್ಲೈಡ್ ಬ್ಲೈಬ್ಟ್ ಬ್ರೌಟ್‌ಕ್ಲೈಡ್’. ನೀಲಿ ಕೋಸು ನೀಲಿ ಕೋಸೇ, ಮದುವೆ ಉಡುಪು ಮದುವೆ ಉಡುಪೇ ಅಂತ ಅರ್ಥ. ಕೋಸು ಬೇಯಲು ಒಂದು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಮೂರು ಸಲ ತಪ್ಪಿಲ್ಲದೆ ಹೇಳಲು ಬರುತ್ತದಾ ನೋಡಿ.

ಒಂದು ಕಿಲೋ ಕೋಸನ್ನು ನಾಲ್ಕು ಹೋಳು ಮಾಡಿ, ನಡುವಿನ ಬಿಳಿ ದಂಟು ತೆಗೆದು, ಆದಷ್ಟು ತೆಳ್ಳಗೆ ಹೆಚ್ಚಿ. ಈಳಿಗೆಮಣೆ ರೂಢಿ ಇದ್ದವರಿಗೆ ಇದು ಐದು ನಿಮಿಷದ ಕೆಲಸ. ಬೆರಳೆಲ್ಲ ನೇರಳೆ ಬಣ್ಣ ಆಗುತ್ತದೆ. ನಿಂಬೆ ಸಿಪ್ಪೆಯಲ್ಲಿ ಉಜ್ಜಿದರೆ ಹೋಗುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಬೆಣ್ಣೆ ಬಿಸಿ ಮಾಡಿ. ಹಳಬರು ಇಲ್ಲಿ ಹಂದಿಯ ಅಥವಾ ಹೆಬ್ಬಾತಿನ ಕೊಬ್ಬು ಹಾಕುತ್ತಾರೆ. ನಮಗೆ ಬೆಣ್ಣೆ ಸಾಕು, ತುಪ್ಪವೂ ಆಗುತ್ತದೆ. ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ ಹಾಕಿ ಬಾಡಿಸಿ. ಅದಕ್ಕೆ ಒಂದು ದೊಡ್ಡ ಚಮಚ ಸಕ್ಕರೆ ಉದುರಿಸಿ, ಅಂಚು ಕಂದಾಗುವವರೆಗೆ ಬಿಡಿ. ಈಗ ಕೋಸು, ಮೇಲೆ ನಾಲ್ಕು ದೊಡ್ಡ ಚಮಚ ವಿನೆಗರ್. ಕೈಯಾಡಿಸುತ್ತಿದ್ದಂತೆ ಮಂಕು ನೇರಳೆ ಬಣ್ಣ ದಾಸವಾಳದ ಕೆಂಪಿಗೆ ತಿರುಗುತ್ತದೆ. ಮಕ್ಕಳಿದ್ದರೆ ಕರೆದು ತೋರಿಸಿ.

ಎರಡು ಹುಳಿ ಸೇಬನ್ನು ಸಿಪ್ಪೆ ತೆಗೆದು ತುಂಡು ಮಾಡಿ ಸೇರಿಸಿ. ಒಂದು ಚಮಚ ಉಪ್ಪು. ಒಂದು ಲೋಟ ನೀರು ಅಥವಾ ಸೇಬಿನ ರಸ. ಇನ್ನು ಮಸಾಲೆ. ಅಜ್ಜಿ ತೋರಿಸಿಕೊಟ್ಟ ಒಂದು ಜಾಣತನ ಇಲ್ಲಿದೆ. ಅರ್ಧ ಈರುಳ್ಳಿ ತಗೊಂಡು, ಅದರ ಮೇಲೆ ಒಂದು ಪಲಾವ್ ಎಲೆ ಇಟ್ಟು, ನಾಲ್ಕು ಲವಂಗವನ್ನು ಮೊಳೆಯ ಹಾಗೆ ಚುಚ್ಚಿ ಎಲೆಯನ್ನು ಈರುಳ್ಳಿಗೆ ಬಿಗಿದುಬಿಡಿ. ಆ ಈರುಳ್ಳಿಯನ್ನು ಕೋಸಿನ ನಡುವೆ ಹುದುಗಿಸಿ. ಬೆಂದ ಮೇಲೆ ಒಂದೇ ಸಲಕ್ಕೆ ಎತ್ತಿ ಎಸೆಯಬಹುದು. ತಿನ್ನುವಾಗ ಯಾರ ಹಲ್ಲಿಗೂ ಲವಂಗ ಸಿಗುವುದಿಲ್ಲ. ಜರ್ಮನಿಯ ಎಲೆಯೂ ನಮ್ಮ ಪಲಾವ್ ಎಲೆಯೂ ಬೇರೆ ಬೇರೆ ಮರದವು. ನಮ್ಮದಕ್ಕೆ ಚಕ್ಕೆಯ ಪರಿಮಳ ಇರುತ್ತದೆ. ಹಾಗಾಗಿ ಒಂದೇ ಎಲೆ ಸಾಕು.

ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ 50 ನಿಮಿಷದಿಂದ ಒಂದು ಗಂಟೆ. ನಡುನಡುವೆ ತಳ ಹಿಡಿಯದಂತೆ ನೋಡಿಕೊಳ್ಳಿ. ಕುಕ್ಕರ್‌ನಲ್ಲಿ ಎರಡು ಸೀಟಿ ಕೂಗಿಸಿದರೆ ಆಗಲ್ವಾ ಅಂತ ನಾನೂ ಮಾಡಿ ನೋಡಿದ್ದೇನೆ. ಬೇಯುತ್ತದೆ, ಆದರೆ ಕೋಸು ಬೇರೆ, ಹುಳಿ ಬೇರೆ, ಸೇಬು ಬೇರೆ ಅನ್ನಿಸುತ್ತದೆ. ಸೇಬು ಕರಗಿ ಎಲ್ಲಕ್ಕೂ ಮೆತ್ತಿಕೊಂಡು ಹೊಳಪು ಬರಬೇಕೆಂದರೆ ಆ ಒಂದು ಗಂಟೆ ಕೊಡಲೇಬೇಕು. ಕೊನೆಗೆ ರುಚಿ ನೋಡಿ. ಹುಳಿ ಮುಂದೆ, ಸಿಹಿ ಹಿಂದೆ ಇರಬೇಕು. ಆರಿದ ಮೇಲೆ ಫ್ರಿಜ್ಜಿಗೆ ಹಾಕಿ ಮರೆತುಬಿಡಿ.

ಮಲಗುವ ಮುಂಚೆ: ಬ್ರೆಡ್ಡು

250 ಗ್ರಾಂ ಬ್ರೆಡ್ಡನ್ನು ಒಂದು ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ, ದೊಡ್ಡ ತಟ್ಟೆಯಲ್ಲಿ ಹರಡಿ, ರಾತ್ರಿಯಿಡೀ ಹೊರಗೇ ಬಿಡಿ. ಬೆಳಿಗ್ಗೆ ಮುಟ್ಟಿದರೆ ಒಣಗಿರಬೇಕು. ಹಳೆಯ ಬ್ರೆಡ್ಡು ಅಂದೆ, ಹಳಸಿದ್ದಲ್ಲ. ಬೂಸ್ಟು ಬಂದದ್ದು ಕಸದ ಬುಟ್ಟಿಗೆ. ಮಂಗಳೂರಿನಂಥ ಕಡೆ ಗಾಳಿಯಲ್ಲೇ ತೇವ ಇರುವುದರಿಂದ ಹೊರಗಿಟ್ಟರೆ ಒಣಗುವುದರ ಬದಲು ಮೆತ್ತಗಾಗಬಹುದು. ಅಂಥವರು ಓವನ್ನಿನಲ್ಲಿ 100 ಡಿಗ್ರಿಗೆ ಇಪ್ಪತ್ತು ನಿಮಿಷ ಇಡಿ. ಬಣ್ಣ ಬರಬಾರದು, ಟೋಸ್ಟ್ ಆಗಬಾರದು. ನೀರು ಹೋದರೆ ಸಾಕು.

ಭಾನುವಾರ ಬೆಳಿಗ್ಗೆ: ಸೂಪ್

ಇದು ಸುಲಭ. ಒಂದು ಕಿಲೋ ಕುಂಬಳವನ್ನು ಹೋಳು ಮಾಡಿ, ಬೀಜ ತೆಗೆದಿಡಿ. ಎರಡು ಚಮಚ ಬೆಣ್ಣೆಯಲ್ಲಿ ಒಂದು ಈರುಳ್ಳಿ, ಹೆಬ್ಬೆರಳುದ್ದ ಶುಂಠಿ ಬಾಡಿಸಿ. ಕುಂಬಳ, ಒಂದು ಕ್ಯಾರೆಟ್, ಒಂದು ಆಲೂಗಡ್ಡೆ ಹಾಕಿ ಐದು ನಿಮಿಷ ಹುರಿಯಿರಿ. 800 ಎಂಎಲ್ ತರಕಾರಿ ಬೇಯಿಸಿದ ನೀರು ಅಥವಾ ಸ್ಟಾಕ್ ಹಾಕಿ (ನಮ್ಮ ಕುಂಬಳವಾದರೆ 600 ಸಾಕು). 20 ನಿಮಿಷದಲ್ಲಿ ಮೆತ್ತಗೆ ಬೆಂದಿರುತ್ತದೆ. ಹ್ಯಾಂಡ್ ಬ್ಲೆಂಡರ್ ಆಡಿಸಿ. ಮಿಕ್ಸಿಗೆ ಹಾಕುವುದಾದರೆ ಆರಿದ ಮೇಲೆ ಹಾಕಿ. ಬಿಸಿಯಲ್ಲೇ ಹಾಕಿ ಮುಚ್ಚಳ ಹಾರಿ ಗೋಡೆ ಕಿತ್ತಳೆ ಬಣ್ಣ ಆದದ್ದನ್ನು ಕಂಡಿದ್ದೇನೆ. ನಾಲ್ಕೈದು ಚಮಚ ಕೆನೆ, ಉಪ್ಪು, ಕಾಳುಮೆಣಸು, ಚಿಟಿಕೆ ಜಾಯಿಕಾಯಿ, ಕೊನೆಗೆ ಸ್ವಲ್ಪ ನಿಂಬೆರಸ.

ಶುಂಠಿ ನಮ್ಮ ಕಡೆಯಿಂದ ಸೇರಿಸಿದ್ದಲ್ಲ. ಅಲ್ಲೂ ಎಷ್ಟೋ ಮನೆಗಳಲ್ಲಿ ಕುಂಬಳದ ಸೂಪಿಗೆ ಶುಂಠಿ ಹಾಕುತ್ತಾರೆ. ಬಡಿಸುವಾಗ ಮೇಲೆ ಕುಂಬಳದ ಬೀಜದ ಎಣ್ಣೆಯ ನಾಲ್ಕು ಹನಿ ಬಿಡುವುದು ರೂಢಿ. ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದ ಈ ಎಣ್ಣೆ ಕಡು ಹಸಿರು, ಹುರಿದ ಬೀಜದ ಘಮ. ಇಲ್ಲಿ ಸಿಗದಿದ್ದರೆ ಸುಲಿದ ಕುಂಬಳದ ಬೀಜವನ್ನು ಹುರಿದು ಮೇಲೆ ಉದುರಿಸಿ. ತಟ್ಟೆ ಬರಿದಾಗಲು ಅಷ್ಟು ಸಾಕು.

ಕ್ನೋಡೆಲ್: ಇಲ್ಲೇ ಎಲ್ಲ ಕೆಡುವುದು

ಈಗ ನನ್ನ ಗಂಜಿಯ ಕಥೆ. ಮೊದಲ ಸಲ ನಾನು ಅದೇ ಬೆಳಿಗ್ಗೆ ತಂದ ತಾಜಾ ಬ್ರೆಡ್ಡು ಹಾಕಿದ್ದೆ. ತಾಜಾ ಇದ್ದಷ್ಟೂ ಒಳ್ಳೆಯದಲ್ವಾ ಅಂದುಕೊಂಡೆ. ಹಾಲು ಹಾಕಿದ್ದೇ ತಡ ಅಂಟಾಯಿತು. ಗಟ್ಟಿಯಾಗಲಿ ಅಂತ ಚಪಾತಿ ಹಿಟ್ಟಿನ ಹಾಗೆ ನಾದಿದೆ. ಆಮೇಲೆ ಕೊತಕೊತ ಕುದಿಯುವ ನೀರಿಗೆ ಎಂಟು ಉಂಡೆಯನ್ನೂ ಒಟ್ಟಿಗೆ ಬಿಟ್ಟೆ. ಐದು ನಿಮಿಷದಲ್ಲಿ ಮೂರು ಉಂಡೆ ಮಾಯ. ಉಳಿದವು ಕಲ್ಲು. ಮೆಟ್ಟಿಲಲ್ಲಿ ಸಿಕ್ಕ ಅಜ್ಜಿಗೆ ಹೇಳಿದೆ. ಅವರು ನಗಲಿಲ್ಲ. ‘ನೀವು ಕುದಿಸಿದಿರಾ?’ ಅಂತ ಮಾತ್ರ ಕೇಳಿದರು. ನನಗಿಂತ ನಲವತ್ತು ವರ್ಷ ದೊಡ್ಡವರು. ಆದರೂ ಕೊನೆಯವರೆಗೂ ನನ್ನನ್ನು ‘ಸೀ’ ಅಂದರೆ ‘ನೀವು’ ಅಂತಲೇ ಮಾತಾಡಿಸಿದರು. ಮುಂದಿನ ಭಾನುವಾರ ಅವರ ಅಡುಗೆಮನೆಯಲ್ಲಿ ನಿಂತು ಕಲಿತೆ.

ಬೇಕಾದದ್ದು: ರಾತ್ರಿ ಒಣಗಿಸಿದ 250 ಗ್ರಾಂ ಬ್ರೆಡ್ಡು, 250 ಎಂಎಲ್ ಹಾಲು, ಮೂರು ಮೊಟ್ಟೆ, ಒಂದು ಈರುಳ್ಳಿ, 30 ಗ್ರಾಂ ಬೆಣ್ಣೆ, ಒಂದು ಹಿಡಿ ಹೆಚ್ಚಿದ ಪಾರ್ಸ್ಲಿ, ಒಂದು ಚಮಚ ಉಪ್ಪು, ಜಾಯಿಕಾಯಿ.

1. ಹಾಲನ್ನು ಬೆಚ್ಚಗೆ ಮಾಡಿ, ಬೆರಳಿಟ್ಟರೆ ಹಿತವಾಗಿರುವಷ್ಟು. ಒಣ ಬ್ರೆಡ್ಡಿನ ಮೇಲೆ ಸುತ್ತಲೂ ಸುರಿದು, ಮುಚ್ಚಿ 15 ನಿಮಿಷ ಬಿಡಿ.

2. ಅಷ್ಟರಲ್ಲಿ ಈರುಳ್ಳಿಯನ್ನು ಬೆಣ್ಣೆಯಲ್ಲಿ ಗಾಜಿನಂತಾಗುವವರೆಗೆ ಬಾಡಿಸಿ. ಪಾರ್ಸ್ಲಿಯನ್ನೂ ಹಾಕಿ ಒಂದು ಸುತ್ತು ತಿರುಗಿಸಿ ಇಳಿಸಿ, ಆರಲು ಬಿಡಿ.

3. ಬ್ರೆಡ್ಡಿಗೆ ಇದನ್ನೂ, ಮೊಟ್ಟೆ, ಉಪ್ಪು, ತುರಿದ ಜಾಯಿಕಾಯಿಯನ್ನೂ ಸೇರಿಸಿ. ಬೆರಳ ತುದಿಯಿಂದ ಹಗುರವಾಗಿ ಕಲಸಿ, ಅವಲಕ್ಕಿ ಕಲಸುವ ಹಾಗೆ. ನಾದಬೇಡಿ. ಬ್ರೆಡ್ಡಿನ ತುಂಡುಗಳು ಅಲ್ಲಲ್ಲಿ ಕಣ್ಣಿಗೆ ಕಾಣುತ್ತಿರಬೇಕು.

4. ಅರ್ಧ ಗಂಟೆ ಸುಮ್ನೆ ಬಿಡಿ. ಒಣ ಬ್ರೆಡ್ಡು ನಿಧಾನಕ್ಕೆ ಹೀರಿಕೊಳ್ಳುತ್ತದೆ. ಸಡಿಲ ಅನ್ನಿಸಿದರೂ ಈಗಲೇ ಏನೂ ಹಾಕಬೇಡಿ.

5. ಅಗಲ ಪಾತ್ರೆಯಲ್ಲಿ ಜಾಸ್ತಿ ನೀರು, ಅದಕ್ಕೆ ಉಪ್ಪು. ಕುದಿ ಬಂದ ಮೇಲೆ ಉರಿ ತಗ್ಗಿಸಿ. ನೀರಿನ ಮೇಲ್ಮೈ ನಡುಗಬೇಕು, ಗುಳ್ಳೆ ಏಳಬಾರದು. ಕುದಿಯುವ ನೀರು ಉಂಡೆಯನ್ನು ಬಡಿದು ಬಡಿದು ಒಡೆಯುತ್ತದೆ. ಅಜ್ಜಿ ಮೊದಲು ಕೇಳಿದ ಪ್ರಶ್ನೆ ಇದಕ್ಕೇ.

6. ಮೊದಲು ಒಂದೇ ಒಂದು ಸಣ್ಣ ಉಂಡೆ ಬಿಡಿ. ಇದನ್ನು ‘ಪ್ರೋಬೆಕ್ನೋಡೆಲ್’ ಅಂತಾರೆ, ಪರೀಕ್ಷೆಯ ಉಂಡೆ. ಐದಾರು ನಿಮಿಷ ನೋಡಿ. ನಿಂತರೆ ಗೆದ್ದಿರಿ. ಬಿಚ್ಚಿಕೊಂಡರೆ ಉಳಿದ ಮಿಶ್ರಣಕ್ಕೆ ಎರಡು ಚಮಚ ಒಣ ಬ್ರೆಡ್ ಪುಡಿ ಸೇರಿಸಿ. ಮೈದಾ ಹಾಕಿದರೂ ನಿಲ್ಲುತ್ತದೆ, ಆದರೆ ರಬ್ಬರ್ ಆಗುತ್ತದೆ. ಬಿರುಕು ಬಿಡುತ್ತಿದ್ದರೆ ಒಂದೆರಡು ಚಮಚ ಹಾಲು.

7. ಕೈ ಒದ್ದೆ ಮಾಡಿಕೊಂಡು ಎಂಟು ಉಂಡೆ ಮಾಡಿ, ಟೆನಿಸ್ ಚೆಂಡಿಗಿಂತ ಸ್ವಲ್ಪ ಚಿಕ್ಕವು. ರಾಗಿ ಮುದ್ದೆ ಕಟ್ಟಿ ರೂಢಿ ಇದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೇಲ್ಮೈ ನುಣ್ಣಗಿರಬೇಕು. ಬಿರುಕು ಇದ್ದ ಕಡೆಯಿಂದ ನೀರು ಒಳಗೆ ನುಗ್ಗುತ್ತದೆ.

8. ಎಲ್ಲವನ್ನೂ ನೀರಿಗೆ ಬಿಟ್ಟು, ಮುಚ್ಚಳ ಓರೆ ಇಟ್ಟು 20 ನಿಮಿಷ. ಉಂಡೆಗಳು ಮೇಲೆ ತೇಲಿ ನಿಧಾನಕ್ಕೆ ಮಗ್ಗುಲು ತಿರುಗುತ್ತವೆ. ಜಾಲರಿ ಸೌಟಿನಲ್ಲಿ ಎತ್ತಿ.

ಮೊಟ್ಟೆ ತಿನ್ನದವರಿಗೆ ಒಂದು ದಾರಿ ಇದೆ. ಮೊಟ್ಟೆಯ ಬದಲು ಮೂರು ಚಮಚ ಕಡಲೆಹಿಟ್ಟು, ಎರಡು ಚಮಚ ಕಾರ್ನ್‌ಫ್ಲೋರ್ ಹಾಕಿ, ಹಾಲು ಅರ್ಧ ಲೋಟ ಜಾಸ್ತಿ ಮಾಡಿ. ಆದರೆ ಇದನ್ನು ನೀರಿಗೆ ಬಿಡಬೇಡಿ. ಒದ್ದೆ ಬಿಳಿ ಬಟ್ಟೆಯಲ್ಲಿ ದಪ್ಪ ಸೌತೆಕಾಯಿಯ ಹಾಗೆ ಸುತ್ತಿ, ಎರಡೂ ತುದಿ ದಾರದಿಂದ ಕಟ್ಟಿ, ಇಡ್ಲಿ ಪಾತ್ರೆಯ ಹಬೆಯಲ್ಲಿ 35 ನಿಮಿಷ ಬೇಯಿಸಿ. ಆರಿದ ಮೇಲೆ ಬಿಲ್ಲೆ ಕತ್ತರಿಸಿ. ಬಟ್ಟೆಯಲ್ಲಿ ಸುತ್ತಿ ಬೇಯಿಸುವುದು ಅಲ್ಲೂ ಹಳೆಯ ಪದ್ಧತಿಯೇ, ಅದರ ಹೆಸರು ಸರ್ವಿಯೆಟ್ಟನ್‌ಕ್ನೋಡೆಲ್. ಇಡ್ಲಿ ಪಾತ್ರೆ ಮಾತ್ರ ನಮ್ಮದು.

ಅಣಬೆ

ಶರತ್ಕಾಲದ ಜರ್ಮನಿಯಲ್ಲಿ ಅಣಬೆ ಅಂದರೆ ಒಂದು ಹುಚ್ಚು. ಮಳೆ ಬಂದು ನಿಂತ ಮರುದಿನ ಬುಟ್ಟಿ, ಸಣ್ಣ ಚಾಕು ಹಿಡಿದು ಕಾಡಿಗೆ ಹೊರಡುತ್ತಾರೆ. ಮಲೆನಾಡಿನಲ್ಲಿ ಮೊದಲ ಮಳೆಗೆ ಅಣಬೆ ಹುಡುಕುತ್ತಾರಲ್ಲ, ಹಾಗೆ. ಜಾಗ ಗೊತ್ತಿದ್ದವರು ಅಲ್ಲೂ ಬಾಯಿ ಬಿಡುವುದಿಲ್ಲ. ಹಳದಿ ಬಣ್ಣದ, ತುತ್ತೂರಿಯಂಥ ಫಿಫರ್ಲಿಂಗ್, ದಪ್ಪ ಕಾಲಿನ ಸ್ಟೈನ್‌ಪಿಲ್ಟ್ಸ್ ಎಲ್ಲರಿಗೂ ಪ್ರೀತಿ. ಸ್ವಂತಕ್ಕೆ ಸ್ವಲ್ಪ ಕೀಳಬಹುದು, ಮಾರಲು ಮೂಟೆಗಟ್ಟಲೆ ಕೀಳುವಂತಿಲ್ಲ.

ಹಾಗಂತ ನೀವೂ ಕಾಡಿಗೆ ಹೊರಡಬೇಡಿ. ಸಾವು ತರುವ ಅಣಬೆಗಳು ಅಲ್ಲೂ ಇವೆ, ಇಲ್ಲೂ ಇವೆ. ಬವೇರಿಯಾದಲ್ಲಿ ಇನ್ನೊಂದು ತೊಡಕೂ ಇದೆ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದಲ್ಲಿ ಹಾರಿಬಂದ ಸೀಸಿಯಂ-137 ಎಂಬ ವಿಕಿರಣ ವಸ್ತು ಅಲ್ಲಿನ ಕೆಲವು ಕಾಡುಗಳ ಮಣ್ಣಿನಲ್ಲಿ ಇನ್ನೂ ಉಳಿದಿದೆ. ಅದು ಅರ್ಧಕ್ಕೆ ಇಳಿಯಲು ಸುಮಾರು 30 ವರ್ಷ ಬೇಕು. ಮಾರಾಟಕ್ಕೆ ಬರುವ ಕಾಡಣಬೆಗೆ ಕಿಲೋಗೆ 600 ಬೆಕೆರೆಲ್ (ವಿಕಿರಣ ಅಳೆಯುವ ಮಾನ) ಎಂಬ ಮಿತಿ ಇದೆ. ಅಂಗಡಿಯ ಅಣಬೆ ತಗೊಂಡು ಬನ್ನಿ, ತಲೆನೋವಿಲ್ಲ. ಬೆಂಗಳೂರಿನಲ್ಲಾದರೆ ಅರ್ಧ ಬಟನ್ ಅಣಬೆ, ಅರ್ಧ ಚಿಪ್ಪು ಅಣಬೆ ಹಾಕಿ. ಎರಡು ಥರ ಇದ್ದರೆ ಬಾಯಿಗೆ ಚೆನ್ನ.

ಅಣಬೆಯನ್ನು ನೀರಿನಲ್ಲಿ ನೆನೆಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಫಿಫರ್ಲಿಂಗ್‌ನ ಮಡಿಕೆಗಳಲ್ಲಿ ಮಣ್ಣು ಕೂತಿರುತ್ತದೆ. ಅದಕ್ಕೆ ಒಂದು ಚಮಚ ಮೈದಾ ಉದುರಿಸಿ, ತಣ್ಣೀರಿನಲ್ಲಿ ಬೇಗ ಜಾಲಾಡಿ ಎತ್ತಿ. ಮಣ್ಣನ್ನು ಮೈದಾ ಹಿಡಿದುಕೊಂಡು ಹೋಗುತ್ತದೆ.

ಅಗಲ ಬಾಣಲೆಯನ್ನು ಚೆನ್ನಾಗಿ ಕಾಯಿಸಿ ಬೆಣ್ಣೆ ಹಾಕಿ, ಅರ್ಧ ಕಿಲೋ ಅಣಬೆಯನ್ನು ಎರಡು ಸರದಿಯಲ್ಲಿ ಹುರಿಯಿರಿ. ಒಟ್ಟಿಗೆ ತುಂಬಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಮೊದಲ ಮೂರು ನಿಮಿಷ ಕೈಯಾಡಿಸಬೇಡಿ, ಉಪ್ಪೂ ಬೇಡ. ಅಂಚು ಕಂದಾಗಿ ಬೀಜ ಹುರಿದ ವಾಸನೆ ಬಂದಾಗ ತಿರುವಿ ಹಾಕಿ. ಹುರಿದದ್ದನ್ನು ತೆಗೆದಿಡಿ. ಅದೇ ಬಾಣಲೆಯಲ್ಲಿ ಇನ್ನಷ್ಟು ಬೆಣ್ಣೆ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ. ಬಾಡಿದ ಮೇಲೆ ಒಂದು ಚಮಚ ಮೈದಾ ಉದುರಿಸಿ ಹಸಿ ವಾಸನೆ ಹೋಗುವಷ್ಟು ಹುರಿದು, 150 ಎಂಎಲ್ ಸ್ಟಾಕ್ ಸುರಿಯಿರಿ. ಮರದ ಸೌಟಿನಿಂದ ತಳ ಕೆರೆಯಿರಿ. ಅಲ್ಲಿ ಅಂಟಿರುವ ಕಂದು ಪದರವೇ ಗ್ರೇವಿಯ ಜೀವ. ಆಮೇಲೆ 200 ಎಂಎಲ್ ಕೆನೆ. ಅಲ್ಲಿನ ಕೆನೆಯಲ್ಲಿ ಕೊಬ್ಬು ಸುಮಾರು 30 ಶೇಕಡಾ. ನಮ್ಮ ಪ್ಯಾಕೆಟ್ ಕೆನೆ ಅದಕ್ಕಿಂತ ತೆಳು, ಜೋರು ಕುದಿಸಿದರೆ ಒಡೆಯಬಹುದು. ಉರಿ ಸಣ್ಣದಿರಲಿ. ಅಣಬೆ ಮತ್ತೆ ಸೇರಿಸಿ ಐದು ನಿಮಿಷ. ಈಗ ಉಪ್ಪು, ಕಾಳುಮೆಣಸು, ಪಾರ್ಸ್ಲಿ. ಒಲೆಯಿಂದ ಇಳಿಸಿದ ಮೇಲೆ ಎರಡು ಹನಿ ನಿಂಬೆರಸ.

ಸೇಬು, ಊಟದ ನಡುವೆ ಬೇಯಲಿ

ಬ್ರಾಟಾಪ್ಫೆಲ್ ಅಂದರೆ ಬೇಕ್ ಮಾಡಿದ ಸೇಬು. ನಾಲ್ಕು ಸೇಬಿನ ನಡುವಿನ ಬೀಜದ ಭಾಗ ಕೊರೆದು ತೆಗೆಯಿರಿ. ತಳ ತೂತಾಗದಿದ್ದರೆ ಒಳ್ಳೆಯದು. ಒಣದ್ರಾಕ್ಷಿ, ಪುಡಿ ಮಾಡಿದ ಬಾದಾಮಿ ಅಥವಾ ಆಕ್ರೋಟ್, ಚಕ್ಕೆ ಪುಡಿ, ಒಂದು ಚಮಚ ಜೇನು ಕಲಸಿ ಒಳಗೆ ತುಂಬಿ, ಮೇಲೊಂದು ಬೆಣ್ಣೆ ತುಂಡು ಇಡಿ. ಓವನ್ 180 ಡಿಗ್ರಿ, 25ರಿಂದ 30 ನಿಮಿಷ. ಸಿಪ್ಪೆ ಬಿರಿದು ರಸ ಸೋರಿದರೆ ಆಯಿತು. ಓವನ್ ಇಲ್ಲದವರು ಸೇಬನ್ನು ಅರ್ಧ ಮಾಡಿ, ದಪ್ಪ ತಳದ ಬಾಣಲೆಯಲ್ಲಿ ಬೆಣ್ಣೆ ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ ಕಾಲು ಗಂಟೆ ಇಡಿ. ಜೊತೆಗೆ ವೆನಿಲಾ ಸಾಸ್ ಬೇಕು. ನಮ್ಮ ವೆನಿಲಾ ಕಸ್ಟರ್ಡ್ ಪೌಡರನ್ನೇ ಮಾಮೂಲಿಗಿಂತ ತೆಳ್ಳಗೆ, ಕಾಲು ಲೀಟರ್ ಹಾಲಿಗೆ ಒಂದು ಚಮಚದ ಲೆಕ್ಕದಲ್ಲಿ ಮಾಡಿ.

ಹೊತ್ತು ಹೊಂದಿಸುವುದು, ಬಡಿಸುವುದು

ಒಂದು ಗಂಟೆಗೆ ಊಟ ಅಂತಿಟ್ಟುಕೊಳ್ಳಿ. ಹತ್ತೂವರೆಗೆ ಬ್ರೆಡ್ಡಿಗೆ ಹಾಲು. ಅದು ನೆನೆದು ಕೂತಿರುವಷ್ಟರಲ್ಲಿ ಸೂಪ್. ಹನ್ನೊಂದೂವರೆಗೆ ಸೇಬು ತುಂಬಿಡಿ, ಅಣಬೆ ಒರೆಸಿಡಿ. ಹನ್ನೆರಡಕ್ಕೆ ನೀರಿಟ್ಟು ಪರೀಕ್ಷೆಯ ಉಂಡೆ. ಹನ್ನೆರಡೂವರೆಗೆ ಎಲ್ಲ ಉಂಡೆಗಳೂ ನೀರಿಗೆ, ಇತ್ತ ಅಣಬೆ ಬಾಣಲೆಗೆ, ಮೂರನೇ ಒಲೆಯಲ್ಲಿ ನಿನ್ನೆಯ ಕೋಸು ಬಿಸಿಯಾಗಲಿ. ಸೂಪ್ ಬಡಿಸಿ ಕೂರುವ ಮುಂಚೆ ಸೇಬನ್ನು ಓವನ್ನಿಗೆ ತಳ್ಳಿ. ಊಟ ಮುಗಿಯುವ ಹೊತ್ತಿಗೆ ಮನೆಯೆಲ್ಲ ಚಕ್ಕೆಯ ವಾಸನೆ.

ಕುಡಿಯಲು ಅಲ್ಲಿ ಈ ಕಾಲಕ್ಕೆ ಫೆಡರ್‌ವೈಸರ್ ಬರುತ್ತದೆ. ಇನ್ನೂ ಹುದುಗುತ್ತಲೇ ಇರುವ ದ್ರಾಕ್ಷಿ ರಸ, ವೈನ್ ಆಗುವ ದಾರಿಯಲ್ಲಿರುವಂಥದ್ದು. ಗಾಳಿ ಹೊರಬರಲಿ ಅಂತ ಬಾಟಲಿಗೆ ಬಿಗಿ ಮುಚ್ಚಳ ಹಾಕಿರುವುದಿಲ್ಲ. ಇದು ಗೊತ್ತಿಲ್ಲದೆ ಬ್ಯಾಗಿನಲ್ಲಿ ಅಡ್ಡ ಮಲಗಿಸಿ ಬಸ್ಸಿನಲ್ಲಿ ತಂದು, ಲ್ಯಾಪ್‌ಟಾಪಿಗೂ ಸ್ವಲ್ಪ ಕುಡಿಸಿದ್ದೇನೆ. ನೆಟ್ಟಗೆ ಹಿಡಿದುಕೊಂಡು ಬನ್ನಿ. ಬೇಡದವರಿಗೆ ಸೇಬಿನ ರಸಕ್ಕೆ ಅಷ್ಟೇ ಸೋಡಾ ಬೆರೆಸಿ ಕೊಡಿ. ಅದಕ್ಕೆ ಆಪ್ಫೆಲ್‌ಶೋರ್ಲೆ ಅಂತ ಹೆಸರು, ಜರ್ಮನಿಯಲ್ಲಿ ಎಲ್ಲ ಮನೆಯಲ್ಲೂ ಕುಡಿಯುತ್ತಾರೆ.

ತಟ್ಟೆಗೆ ಎರಡು ಕ್ನೋಡೆಲ್, ಮೇಲೆ ಧಾರಾಳವಾಗಿ ಅಣಬೆ ಗ್ರೇವಿ, ಪಕ್ಕಕ್ಕೆ ಕೋಸು. ಕ್ನೋಡೆಲ್ಲನ್ನು ಚಾಕುವಿನಿಂದ ಕತ್ತರಿಸಿದರೆ ಬವೇರಿಯಾದವರು ಮುಖ ನೋಡುತ್ತಾರೆ. ಫೋರ್ಕಿನಿಂದ ಬಿಡಿಸಬೇಕು. ಒರಟಾಗಿ ಬಿಡಿಸಿದ ಮೈ ಗ್ರೇವಿಯನ್ನು ಹೀರುತ್ತದೆ, ಚಾಕು ಹಾಕಿದ ನುಣುಪು ಮೈ ಹೀರುವುದಿಲ್ಲ.

ಎಲ್ಲರಿಗೂ ಎರಡೆರಡು ಹಿಡಿಸುವುದಿಲ್ಲ, ಎಂಟರಲ್ಲಿ ಎರಡು ಮೂರು ಉಳಿದೇ ಉಳಿಯುತ್ತವೆ. ಫ್ರಿಜ್ಜಿಗೆ ಹಾಕಿ. ಸೋಮವಾರ ಬೆಳಿಗ್ಗೆ ಗಟ್ಟಿಯಾಗಿರುತ್ತವೆ. ಬಿಲ್ಲೆ ಕತ್ತರಿಸಿ, ಬೆಣ್ಣೆಯಲ್ಲಿ ಎರಡೂ ಕಡೆ ಗರಿಗರಿ ಹುರಿದು, ಮೇಲೊಂದು ಮೊಟ್ಟೆ ಒಡೆದು ಹಾಕುವುದು ಅಲ್ಲಿನ ರೂಢಿ. ನಾನು ಮಾತ್ರ ಸೋಮವಾರ ಸಾಸಿವೆ, ಕರಿಬೇವು, ಎರಡು ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ, ಬಿಲ್ಲೆಗಳನ್ನು ಕೈಯಲ್ಲೇ ಮುರಿದು ಹಾಕುತ್ತೇನೆ. ಒಂದು ಸಲ ಅಜ್ಜಿಗೂ ಒಂದು ತಟ್ಟೆ ಕೊಟ್ಟು ಬಂದೆ. ಮರುದಿನ ತೊಳೆದ ತಟ್ಟೆ ಬಾಗಿಲ ಮುಂದೆ ಇತ್ತು, ಅದರಲ್ಲಿ ಮೂರು ಬೋಸ್ಕೋಪ್ ಸೇಬು.